ಚೌಳು ನೀರಿನ ಅಕ್ವೇರಿಯಂ: ಯಾವ ಮೀನಿಗೆ ಎಷ್ಟು ಉಪ್ಪು, ಯಾವುದರ ಜೊತೆ ಯಾವುದು?

ಬೆಳಗಾವಿ/ಖಾನಾಪುರ: ಬೆಳ್ಳಿ ನಾಣ್ಯದಂಗ ಹೊಳೆಯುವ ಮೋನೋ, ಮೈತುಂಬ ಚುಕ್ಕೆ ಇರುವ ಸ್ಕ್ಯಾಟ್, ಹೊಟ್ಟೆ ಉಬ್ಬಿಸುವ ಪಫರ್. ಅಂಗಡಿಯಲ್ಲಿ ಇವನ್ನು ನೋಡಿದವರು ಗೋಲ್ಡ್‌ಫಿಶ್ ಜೊತೆಗೇ ಒಂದೆರಡು ಪ್ಯಾಕ್ ಮಾಡಿಸಿಕೊಂಡು ಮನೆಗೆ ತರುತ್ತಾರೆ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಚೆನ್ನಾಗೇ ಇರುತ್ತವೆ. ಆಮೇಲೆ ಬಣ್ಣ ಕಪ್ಪಾಗುತ್ತದೆ, ರೆಕ್ಕೆ ಮುದುಡುತ್ತದೆ, ಮೇವು ತಿನ್ನೋದು ಬಿಡುತ್ತವೆ. ಮನೆಯವರು ಔಷಧ ಹಾಕುತ್ತಾರೆ, ಮೀನು ಸಾಯುತ್ತದೆ. ಬಹಳ ಸಲ ಇಲ್ಲಿ ರೋಗವೇ ಇರುವುದಿಲ್ಲ. ಈ ಮೀನುಗಳಿಗೆ ಬೇಕಾದ ನೀರೇ ಬೇರೆ.

ಇವು ಚೌಳು ನೀರಿನ, ಅಂದರೆ ಅಳಿವೆಯ ಮೀನುಗಳು. ಇವುಗಳಿಗೆ ಸರಿಯಾದ ಟ್ಯಾಂಕ್ ಮಾಡುವುದು ಸಮುದ್ರದ ಅಕ್ವೇರಿಯಂನಷ್ಟು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಆದರೆ ಒಂದು ಕ್ರಮ ತಪ್ಪಬಾರದು: ಮೊದಲು ಯಾವ ಮೀನು ಅಂತ ತೀರ್ಮಾನ, ಆಮೇಲೆ ಅದಕ್ಕೆ ತಕ್ಕ ಉಪ್ಪು ಮತ್ತು ಟ್ಯಾಂಕ್, ಕೊನೆಗೆ ಮೀನು ತರುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡ್ತಾರೆ.

ಚೌಳು ನೀರು ಅಂದ್ರೆ ಯಾವುದು?

ಖಾನಾಪುರದವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಿಲ್ಲ. ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಘಟ್ಟ ಇಳಿದು ಗೋವಾದಲ್ಲಿ ಮಾಂಡೋವಿಯಾಗಿ ಪಣಜಿ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಸೇರುವ ಮುಂಚಿನ ಹತ್ತಾರು ಕಿ.ಮೀ. ಉದ್ದಕ್ಕೂ ಭರತದ ಹೊತ್ತಿಗೆ ಸಮುದ್ರದ ನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಉಪ್ಪು ಹೆಚ್ಚು, ಮಳೆಗಾಲದಲ್ಲಿ ನೀರು ಬಹುತೇಕ ಸಿಹಿ. ಹೀಗೆ ಸಿಹಿ-ಉಪ್ಪು ಬೆರೆತ ನೀರೇ ಚೌಳು ನೀರು. ಕಾರವಾರದ ಕಾಳಿ ಅಳಿವೆ, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ ಕೂಡ ಇಂಥವೇ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಕ್ವೇರಿಯಂ ಲೆಕ್ಕದಲ್ಲಿ ಇದನ್ನು ನೀರಿನ ಸಾಂದ್ರತೆಯಿಂದ ಹೇಳ್ತಾರೆ. ಸಿಹಿ ನೀರು 1.000, ಸಮುದ್ರ ಸುಮಾರು 1.025. ಚೌಳು ನೀರಿನ ಟ್ಯಾಂಕ್ ಸಾಮಾನ್ಯವಾಗಿ 1.002ರಿಂದ 1.012ರ ನಡುವೆ ಇರುತ್ತದೆ.

ಒಂದು ಗೊಂದಲ ಇಲ್ಲೇ ಬಗೆಹರಿಸೋಣ. ಜಿಲ್ಲೆಯ ಪೂರ್ವ ಭಾಗದಲ್ಲಿ ಬೋರ್‌ವೆಲ್‌ನ ಸವಳು ನೀರಿಗೂ ಅಳಿವೆಯ ನೀರಿಗೂ ಸಂಬಂಧ ಇಲ್ಲ. ಬೋರ್ ನೀರಿನ ಲವಣಗಳ ಪ್ರಮಾಣ, ಜಾತಿ ಎರಡೂ ಬೇರೆ. "ನಮ್ಮ ನೀರು ಮೊದಲೇ ಸವಳು, ಉಪ್ಪು ಯಾಕೆ" ಅಂತ ಬಿಡಬೇಡ್ರಿ.

ಉಪ್ಪು ಯಾವುದು, ಎಷ್ಟು?

ಅಡುಗೆ ಉಪ್ಪು ಬೇಡವೇ ಬೇಡ. ಅದರಲ್ಲಿ ಇರೋದು ಸೋಡಿಯಂ ಕ್ಲೋರೈಡ್, ಜೊತೆಗೆ ಅಯೋಡಿನ್ ಮತ್ತು ಗಂಟು ಕಟ್ಟದಂತೆ ಹಾಕುವ ಪುಡಿ. ಅಕ್ವೇರಿಯಂ ಸಾಲ್ಟ್ ಅಂತ ಸಣ್ಣ ಪೊಟ್ಟಣದಲ್ಲಿ ಬರುವುದೂ ಬಹುತೇಕ ಸೋಡಿಯಂ ಕ್ಲೋರೈಡೇ. ಗೋಕರ್ಣದ ಕಡೆಯ ಸಾಣಿಕಟ್ಟಾ ಕಲ್ಲುಪ್ಪು ಸಮುದ್ರದ ನೀರಿಂದಲೇ ಆದದ್ದಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಆದರೆ ನೀರು ಆರುವಾಗ ಸುಣ್ಣದ ಅಂಶ ಮೊದಲೇ ಬೇರೆಯಾಗಿ ತಳ ಸೇರುತ್ತದೆ, ಮೆಗ್ನೀಷಿಯಂ ಉಳಿದ ಕಹಿ ನೀರಿನಲ್ಲೇ ಹೋಗುತ್ತದೆ. ಹರಳುಗಟ್ಟಿದ ಉಪ್ಪಿನಲ್ಲಿ ಅವು ತೀರಾ ಕಡಿಮೆ. ಮೀನಿಗೆ ಬೇಕಾದದ್ದು ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಾರ್ಬೋನೇಟ್ ಎಲ್ಲ ಇರುವ ಉಪ್ಪು. ನೀರಿನ ಪಿಎಚ್ 7.5ರಿಂದ 8.4ರೊಳಗೆ ನಿಲ್ಲುವುದೂ ಇವುಗಳಿಂದಲೇ.

ಅದಕ್ಕೆ ಮರೈನ್ ಸಾಲ್ಟ್ ಮಿಕ್ಸ್ ಅಂತಲೇ ಕೇಳಿ ತರಬೇಕು. ಅಂದಾಜು ಲೆಕ್ಕ ಹೀಗಿದೆ:

• ಲೀಟರಿಗೆ 6 ಗ್ರಾಂ ಹಾಕಿದರೆ ಸುಮಾರು 1.003
• ಲೀಟರಿಗೆ 9 ಗ್ರಾಂ ಹಾಕಿದರೆ ಸುಮಾರು 1.005
• ಲೀಟರಿಗೆ 15–16 ಗ್ರಾಂ ಹಾಕಿದರೆ ಸುಮಾರು 1.010

ಚಮಚದ ಲೆಕ್ಕ ಬಿಡ್ರಿ, ಅಡುಗೆಮನೆಯ ತೂಕದ ಯಂತ್ರ ಸಾಕು. ಉಪ್ಪನ್ನು ಬಕೆಟ್‌ನಲ್ಲಿ ಕರಗಿಸಿ, ಏರ್ ಪಂಪ್ ಬಿಟ್ಟು ಕೆಲವು ಗಂಟೆ ಕಲಸಿ, ಅಳೆದು, ಆಮೇಲೆ ಟ್ಯಾಂಕಿಗೆ ಹಾಕಬೇಕು. ಮೀನಿರುವ ಟ್ಯಾಂಕಿಗೆ ನೇರ ಉಪ್ಪು ಸುರಿಯಬಾರದು.

ಗೋವಾಕ್ಕೆ ಹೋದಾಗ ಕ್ಯಾನಿನಲ್ಲಿ ಸಮುದ್ರದ ನೀರು ತರುವ ಐಡಿಯಾ ಕೂಡ ಬೇಡ. ದಂಡೆಯ ನೀರಿನಲ್ಲಿ ಎಣ್ಣೆ, ಕೊಳಚೆ ಇರಬಹುದು. ಜೊತೆಗೆ ಅದರಲ್ಲಿನ ಸೂಕ್ಷ್ಮ ಜೀವಿಗಳು ಚೋರ್ಲಾ ಘಾಟ್ ಹತ್ತುವಷ್ಟರಲ್ಲಿ ಸತ್ತು ಕೊಳೆಯಲು ಶುರು ಆಗುತ್ತವೆ.

ಅಳೆಯೋದು ಹೇಗೆ?

ಹೈಡ್ರೋಮೀಟರ್ ಅಗ್ಗ, ರಿಫ್ರಾಕ್ಟೋಮೀಟರ್ ಹೆಚ್ಚು ನಿಖರ. ಹೈಡ್ರೋಮೀಟರ್ ಯಾವ ತಾಪಮಾನಕ್ಕೆ ಹೊಂದಿಸಿದ್ದು ಅಂತ ಅದರ ಮೇಲೆ ಬರೆದಿರುತ್ತದೆ, ನೀರನ್ನು ಅದೇ ತಾಪಮಾನದಲ್ಲಿ ಅಳೆಯಬೇಕು. ರಿಫ್ರಾಕ್ಟೋಮೀಟರನ್ನು ಆಗಾಗ ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆಗೆ ಸರಿಮಾಡಿಕೊಳ್ಳಬೇಕು. ಆರ್‌ಒ ಮಷಿನ್ ರಿಪೇರಿಯವರ ಟಿಡಿಎಸ್ ಪೆನ್ ಕುಡಿಯುವ ನೀರಿಗೆ ಮಾಡಿದ್ದು, ಈ ಕೆಲಸಕ್ಕೆ ಅದನ್ನು ನಂಬುವಂತಿಲ್ಲ. ನಾಲಿಗೆಗೆ ಹಚ್ಚಿ ನೋಡುವುದಂತೂ ಲೆಕ್ಕವೇ ಅಲ್ಲ.

ಟ್ಯಾಂಕ್, ಫಿಲ್ಟರ್, ಹೀಟರ್

ಉದ್ದ, ಅಗಲ, ಎತ್ತರ ಮೂರನ್ನೂ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 36×15×18 ಇಂಚಿನ ಮೂರು ಅಡಿ ಟ್ಯಾಂಕ್ ಅಂದರೆ ಸುಮಾರು 159 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 130 ಲೀಟರ್ ಆಸುಪಾಸು. 1.005ಕ್ಕೆ ಬೇಕಾಗುವ ಉಪ್ಪು 130×9, ಅಂದರೆ 1,170 ಗ್ರಾಂ. ಮೊದಲ ಸಲ ತುಂಬುವಾಗ ಎಷ್ಟು ಬಕೆಟ್ ಹೋಯಿತು ಅಂತ ಬರೆದಿಟ್ಟುಕೊಳ್ರಿ, ಮುಂದೆ ಎಲ್ಲ ಲೆಕ್ಕಕ್ಕೂ ಅದೇ ಆಧಾರ. ಗಾಜು, ಮರಳು ಸೇರಿ ತೂಕ 200 ಕಿಲೋ ದಾಟುತ್ತದೆ. ಹಳೆ ಮನೆಯ ಹಲಗೆ ಅಟ್ಟದ ಮೇಲೆ ಇಡಬಾರದು.

ತಳಕ್ಕೆ ಮರಳಿನ ಜೊತೆ ಹವಳದ ಚೂರು ಅಥವಾ ಕುದಿಸಿ ತೊಳೆದ ಚಿಪ್ಪಿನ ಚೂರು ಬೆರೆಸಿದರೆ ಪಿಎಚ್ ಬೀಳುವುದಿಲ್ಲ. ಕಬ್ಬಿಣದ ಅಂಶ ಇರುವ ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಒಳಗೆ ಹಾಕಬೇಡ್ರಿ. ಉಪ್ಪು ನೀರು ಲೋಹ ತಿನ್ನುತ್ತದೆ, ಆದ್ದರಿಂದ ಕಬ್ಬಿಣದ ಕ್ಲಿಪ್, ಮೊಳೆ ನೀರಿಗೆ ತಾಗದಂತೆ ನೋಡಿಕೊಳ್ರಿ.

ಫಿಲ್ಟರ್ ಟ್ಯಾಂಕಿನ ಅಳತೆಗಿಂತ ಒಂದು ಹಂತ ದೊಡ್ಡದಿರಲಿ. ಚೌಳು ನೀರಿನ ಮೀನುಗಳು ಜಾಸ್ತಿ ತಿನ್ನುತ್ತವೆ, ಜಾಸ್ತಿ ಗಲೀಜು ಮಾಡುತ್ತವೆ. ಉಪ್ಪು ನೀರಿನಲ್ಲಿ ಆಮ್ಲಜನಕ ಸಿಹಿ ನೀರಿಗಿಂತ ಸ್ವಲ್ಪ ಕಡಿಮೆಯೇ ಕರಗುತ್ತದೆ, ಹಾಗಾಗಿ ಏರ್ ಪಂಪ್ ನಿಲ್ಲಬಾರದು. ಮಳೆಗಾಲದಲ್ಲಿ ಖಾನಾಪುರ ಭಾಗದಲ್ಲಿ ಲೈನ್ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವುದು ಹೊಸದಲ್ಲ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿ ಇರಲೇಬೇಕು.

ನೀರು 24ರಿಂದ 28 ಡಿಗ್ರಿ ಇರಬೇಕು. ಡಿಸೆಂಬರ್-ಜನವರಿಯ ಬೆಳಗಾವಿ ಚಳಿಗೆ, ಜುಲೈ-ಆಗಸ್ಟ್‌ನ ಖಾನಾಪುರದ ಥಂಡಿಗೆ ಹೀಟರ್ ಬೇಕೇ ಬೇಕು. ಲೀಟರಿಗೆ 1 ವ್ಯಾಟ್ ಲೆಕ್ಕ ಹಿಡೀರಿ. ಕರೆಂಟಿನ ಖರ್ಚು ಕೇಳುವವರಿಗೆ: 10 ವ್ಯಾಟ್‌ನ ಪಂಪ್ ಹಗಲು-ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 7 ಯೂನಿಟ್. 150 ವ್ಯಾಟ್‌ನ ಹೀಟರ್ ದಿನಕ್ಕೆ ಒಟ್ಟು 12 ಗಂಟೆ ಉರಿದರೆ 1.8 ಯೂನಿಟ್. ಉಪ್ಪು ನೀರು ಕರೆಂಟನ್ನು ಸಿಹಿ ನೀರಿಗಿಂತ ಚೆನ್ನಾಗಿ ಹರಿಸುತ್ತದೆ. ಕೈ ಹಾಕುವ ಮುನ್ನ ಎಲ್ಲ ಪ್ಲಗ್ ತೆಗೀರಿ, ವೈರ್ ಮೇಲಿನ ನೀರು ಸಾಕೆಟ್‌ಗೆ ಇಳಿಯದಂತೆ ವೈರನ್ನು ಕೆಳಗೆ ಬಾಗಿಸಿ ಬಿಡ್ರಿ.

ಗಿಡ ಬೇಕೆಂದರೆ ಜಾವಾ ಫರ್ನ್, ಅನೂಬಿಯಾಸ್ 1.005ರ ತನಕ ತಾಳಿಕೊಳ್ಳಬಲ್ಲವು. ಅದಕ್ಕಿಂತ ಮೇಲೆ ಹೋದರೆ ಗಿಡದ ಆಸೆ ಬಿಟ್ಟು ಕಲ್ಲು, ಬೇರಿನ ಕಟ್ಟಿಗೆ ಇಡುವುದು ಒಳ್ಳೆಯದು. ಕಾಂಡ್ಲಾ ಬೇರು ಚೆನ್ನಾಗಿ ಕಾಣುತ್ತದೆ ಅಂತ ಕಡಲ ಕಡೆಯಿಂದ ಕಡಿದು ತರಬೇಡ್ರಿ, ಕಾಂಡ್ಲಾ ಕಾಡಿಗೆ ಕಾನೂನಿನ ರಕ್ಷಣೆ ಇದೆ.

ಮೀನು ಬಿಡುವ ಮುನ್ನ ಒಂದೂವರೆ ತಿಂಗಳು

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಡಿಕ್ಲೋರಿನೇಟರ್ ಹಾಕ್ರಿ, ಇಲ್ಲವೇ ಏರ್ ಪಂಪ್ ಬಿಟ್ಟು 24 ಗಂಟೆ ಇಡ್ರಿ. ಘಟ್ಟದ ಕಡೆಯ ನೀರು ಮೆದು, ಪೂರ್ವದ ಕಡೆಯದು ಗಡುಸು. ಮರೈನ್ ಮಿಕ್ಸ್ ಹಾಕಿದ ಮೇಲೆ ಮೆದು ನೀರಿನ ಕೊರತೆ ತುಂಬಿಹೋಗುತ್ತದೆ.

ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದನ್ನು ನೀರು ಬದಲಿಸಿ ತೆಗೆಯಬಹುದು. ಹೊಸ ಫಿಲ್ಟರ್‌ನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು 4ರಿಂದ 6 ವಾರ ಬೇಕು. ಪಿಎಚ್ ಹೆಚ್ಚಿದ್ದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿ, ಚೌಳು ನೀರಿನ ಪಿಎಚ್ ಹೆಚ್ಚೇ ಇರುತ್ತದೆ. ಅದಕ್ಕೇ ಇಲ್ಲಿ ಅವಸರ ನಡೆಯುವುದಿಲ್ಲ. ಉಪ್ಪು ಹಾಕಿದ ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಮೇವು ಹಾಕುತ್ತ ಹೋಗ್ರಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಾಣುತ್ತಿದೆ ಅಂದ್ರೆ ಟ್ಯಾಂಕ್ ತಯಾರು.

ಕಡಿಮೆ ಉಪ್ಪಿನ ಮೀನುಗಳು: 1.002ರಿಂದ 1.005

ಮೋಲಿ: ಎಲ್ಲ ಕಡೆ ಸಿಗುವ ಮೀನು. ಮೆದು ನೀರಿನಲ್ಲಿ ನಿಂತಲ್ಲೇ ನಡುಗುವ ಮೋಲಿ ಉಪ್ಪು ನೀರಿನಲ್ಲಿ ಗಟ್ಟಿಮುಟ್ಟಾಗುತ್ತದೆ. ಹೊಸಬರು ಇದರಿಂದ ಶುರು ಮಾಡಬಹುದು.

ಕಿತ್ತಳೆ ಕ್ರೋಮೈಡ್: ದಕ್ಷಿಣ ಭಾರತ, ಶ್ರೀಲಂಕಾದ ನಮ್ಮದೇ ಮೀನು. ಸುಮಾರು 8 ಸೆಂ.ಮೀ. ಬೆಳೆಯುತ್ತದೆ. ಐದಾರು ಒಟ್ಟಿಗೆ ಇದ್ದರೆ ಜಗಳ ಹಂಚಿಹೋಗುತ್ತದೆ. ಮೊಟ್ಟೆ ಇಟ್ಟಾಗ ಜೋಡಿ ಹತ್ತಿರ ಯಾರನ್ನೂ ಬಿಡುವುದಿಲ್ಲ.

ನೈಟ್ ಗೋಬಿ: ಬೂದು ಮೈಮೇಲೆ ಕಪ್ಪು ಚುಕ್ಕೆ, 8–9 ಸೆಂ.ಮೀ. ತಳದಲ್ಲಿ ಇರುತ್ತದೆ. ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ನುಂಗುತ್ತದೆ.

ಬಂಬಲ್‌ಬೀ ಗೋಬಿ: ಹಳದಿ-ಕಪ್ಪು ಪಟ್ಟೆ, 3–4 ಸೆಂ.ಮೀ. ಒಣ ಮೇವು ಮೂಸಿಯೂ ನೋಡುವುದಿಲ್ಲ. ಆರ್ಟೀಮಿಯಾ, ರಕ್ತಹುಳು ಜೀವಂತ ಅಥವಾ ಫ್ರೀಜ್ ಮಾಡಿದ್ದು ಬೇಕು. ಚುರುಕು ಮೀನಿನ ಜೊತೆ ಇಟ್ಟರೆ ಉಪವಾಸ ಸಾಯುತ್ತದೆ.

ನೆರೈಟ್ ಬಸವನಹುಳು: ಪಾಚಿ ತಿನ್ನುತ್ತದೆ, ಈ ಎಲ್ಲದರ ಜೊತೆಗೂ ಹೊಂದುತ್ತದೆ.

ಎರಡಡಿ ಟ್ಯಾಂಕಿಗೆ ಎಂಟು ಬಂಬಲ್‌ಬೀ ಗೋಬಿ, ಮೂರ್ನಾಲ್ಕು ನೆರೈಟ್. ಮೂರಡಿಗೆ ಐದಾರು ಕಿತ್ತಳೆ ಕ್ರೋಮೈಡ್, ಮೂರು ನೈಟ್ ಗೋಬಿ, ಐದು ದೊಡ್ಡ ಮೋಲಿ. ಮನೆಗೆ ಇಷ್ಟು ಸಾಕು.

ಹೆಚ್ಚು ಉಪ್ಪು, ದೊಡ್ಡ ಟ್ಯಾಂಕ್: 1.005ರಿಂದ 1.012

ಮೋನೋ: ಐದಕ್ಕಿಂತ ಕಡಿಮೆ ಇಟ್ಟರೆ ಹೆದರಿ ಮೂಲೆ ಸೇರುತ್ತದೆ. ಮನೆಯಲ್ಲೂ 15 ಸೆಂ.ಮೀ. ಮುಟ್ಟುತ್ತದೆ. ದೊಡ್ಡದಾದಂತೆ ಉಪ್ಪು ಏರಿಸುತ್ತ ಹೋಗಬೇಕು. ಸಿಹಿ ನೀರಿನ ಸಿಲ್ವರ್ ಡಾಲರ್ ಮೀನೇ ಬೇರೆ, ಮೋನೋನೇ ಬೇರೆ.

ಸ್ಕ್ಯಾಟ್: ನಾಣ್ಯದ ಗಾತ್ರದಲ್ಲಿ ಮಾರುತ್ತಾರೆ, 30 ಸೆಂ.ಮೀ. ದಾಟಬಲ್ಲದು. ಸೊಪ್ಪು, ಮಾಂಸ, ಕೊಳೆತದ್ದು ಎಲ್ಲ ತಿನ್ನುತ್ತದೆ. ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ, ಬರಿಗೈಲಿ ಹಿಡಿಯಬಾರದು.

ಹಸಿರು ಕ್ರೋಮೈಡ್: ಕೇರಳದವರ ಕರಿಮೀನ್, ಗೋವಾದವರ ಕಾಳುಂದರ್. ಊಟದ ತಟ್ಟೆಯಲ್ಲಿ ನೋಡಿದ ಮೀನು ಟ್ಯಾಂಕಿನಲ್ಲೂ ಚೆಂದ. 20 ಸೆಂ.ಮೀ. ಮೀರಿ ಬೆಳೆಯುತ್ತದೆ, ಪಾಲಕ್, ಸ್ಪಿರುಲಿನಾದಂಥ ಹಸಿರು ಮೇವು ಬೇಕು. ಕಿತ್ತಳೆ ಕ್ರೋಮೈಡ್ ಇದರ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ, ಆದರೆ ಸಿಕ್ಕರೆ ಇದರ ಮರಿಗಳನ್ನೂ ಬಿಡುವುದಿಲ್ಲ.

ಆರ್ಚರ್: ಬಾಯಿಂದ ನೀರು ಚಿಮ್ಮಿಸಿ ಹುಳ ಬೀಳಿಸುವ ಮೀನು. ನೀರಿನ ಮೇಲೆ ಖಾಲಿ ಜಾಗ, ಗಟ್ಟಿ ಮುಚ್ಚಳ ಬೇಕು. ಒಂದೇ ಗಾತ್ರದ ಮೂರ್ನಾಲ್ಕು ತರಬೇಕು.

ಕೊಲಂಬಿಯನ್ ಶಾರ್ಕ್: ಶಾರ್ಕ್ ಅಲ್ಲ, ಬೆಕ್ಕುಮೀನಿನ ಜಾತಿ. ಸಿಹಿ ನೀರಿನ ಪಂಗಾಸಿಯಸ್ ಶಾರ್ಕ್ ಜೊತೆ ಕಲಸಿ ಮಾರಿಹೋಗುತ್ತದೆ. 30 ಸೆಂ.ಮೀ. ಆಗುತ್ತದೆ, ಕೊನೆಗೆ ಹೆಚ್ಚೂಕಡಿಮೆ ಸಮುದ್ರದ ನೀರೇ ಬೇಕು. ಇದರ ಮುಳ್ಳೂ ವಿಷವೇ.

ಇವು ಒಂದಕ್ಕೊಂದು ಹೊಂದುತ್ತವೆ, ಆದರೆ ಐದಡಿಗಿಂತ ಸಣ್ಣ ಟ್ಯಾಂಕಿನಲ್ಲಿ ಅಲ್ಲ. 60×18×24 ಇಂಚು ಅಂದರೆ ಸುಮಾರು 425 ಲೀಟರ್. ಅಷ್ಟು ಜಾಗ ಇಲ್ಲದವರು ಮೊದಲ ಪಟ್ಟಿಯಲ್ಲೇ ಇರುವುದು ಲೇಸು.

ಒಂಟಿಯಾಗಿ ಇಡಬೇಕಾದವು

ಫಿಗರ್-8 ಪಫರ್ 6–8 ಸೆಂ.ಮೀ., 1.005ರಲ್ಲಿ ಎರಡಡಿ ಟ್ಯಾಂಕಿಗೆ ಒಂದೇ ಒಂದು. ಹಸಿರು ಚುಕ್ಕೆಯ ಪಫರ್ 15 ಸೆಂ.ಮೀ., ದೊಡ್ಡದಾದ ಮೇಲೆ 1.010 ಮೀರಿ ಬೇಕು. ಎರಡೂ ಬೇರೆ ಮೀನಿನ ರೆಕ್ಕೆ ಕಚ್ಚುತ್ತವೆ. ಹಲ್ಲು ಸದಾ ಬೆಳೆಯುವುದರಿಂದ ಸವೆಯಲು ಬಸವನಹುಳು, ಚಿಪ್ಪಿನ ಮೇವು ಕೊಡಬೇಕು. ಕೆಸರು ದಂಡೆಯ ಮೇಲೆ ನೆಗೆಯುವ ಮಡ್‌ಸ್ಕಿಪ್ಪರ್‌ಗೆ ಅರ್ಧ ನೀರು, ಅರ್ಧ ನೆಲ ಇರುವ ಬೇರೆಯೇ ಟ್ಯಾಂಕ್ ಬೇಕು.

ಗೋಲ್ಡ್‌ಫಿಶ್, ಕೋಯಿ, ಏಂಜಲ್, ಟೆಟ್ರಾ, ಡಿಸ್ಕಸ್, ಕೋರಿಡೋರಾಸ್, ಗಾಜು ಒರೆಸುವ ಸಕರ್ ಮೀನು, ಬೆಟ್ಟಾ: ಇವ್ಯಾವನ್ನೂ ಚೌಳು ನೀರಿನ ಟ್ಯಾಂಕಿಗೆ ಬಿಡಬಾರದು.

ಮೀನು ತಂದ ದಿನ, ಆಮೇಲಿನ ವಾರಗಳು

ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು: "ಈಗ ಇದು ಯಾವ ನೀರಿನಲ್ಲಿದೆ?" ಸಿಹಿ ನೀರಿನಲ್ಲಿದ್ದ ಮೀನನ್ನು ಅದೇ ದಿನ 1.010ಕ್ಕೆ ಬಿಡಬೇಡ್ರಿ. ಬೇರೆ ಸಣ್ಣ ಟ್ಯಾಂಕಿನಲ್ಲಿ ಕಡಿಮೆ ಉಪ್ಪಿನಿಂದ ಶುರು ಮಾಡಿ, ವಾರಕ್ಕೆ 0.001ರಿಂದ 0.002ರಷ್ಟು ಏರಿಸ್ರಿ. ಈ ಸಣ್ಣ ಟ್ಯಾಂಕಿಗೂ ಬ್ಯಾಕ್ಟೀರಿಯಾ ನೆಲೆಯಾದ ಫಿಲ್ಟರ್ ಬೇಕು, ದೊಡ್ಡ ಟ್ಯಾಂಕಿನಿಂದ ಒಂದು ಸ್ಪಾಂಜ್ ತೆಗೆದಿಟ್ಟರೂ ನಡೆಯುತ್ತದೆ. ಅಂಗಡಿಯ ನೀರೂ ನಿಮ್ಮ ನೀರೂ ಒಂದೇ ಮಟ್ಟದಲ್ಲಿದ್ದರೂ ಸಣ್ಣ ಪೈಪಿನಿಂದ ಹನಿಹನಿಯಾಗಿ ಒಂದೆರಡು ಗಂಟೆ ಹೊಂದಿಸಿ ಬಿಡ್ರಿ.

ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕಿನ ಮಟ್ಟ ಎರಡು ಬೆರಳು ಇಳಿದಿದ್ದರೆ ಉಪ್ಪು ಅಲ್ಲೇ ಇದೆ, ನೀರು ಮಾತ್ರ ಹೋಗಿದೆ. ಆಗ ಕ್ಲೋರಿನ್ ತೆಗೆದ ಸಿಹಿ ನೀರನ್ನೇ ಸೇರಿಸಬೇಕು. ಉಪ್ಪು ನೀರು ಸೇರಿಸುತ್ತ ಹೋದರೆ 1.005 ಇದ್ದದ್ದು ಗೊತ್ತಿಲ್ಲದೆ ಏರುತ್ತದೆ. ಹಳೆ ನೀರು ತೆಗೆದು ಹೊಸದು ಹಾಕುವಾಗ ಮಾತ್ರ ಉಪ್ಪು ಬೆರೆಸಿದ ನೀರು.

ಹದಿನೈದು ದಿನಕ್ಕೊಮ್ಮೆ ಕಾಲು ಭಾಗ ಬದಲಿಸ್ರಿ. 130 ಲೀಟರ್‌ನಲ್ಲಿ ಅದು ಸುಮಾರು 32 ಲೀಟರ್, ಉಪ್ಪು 290 ಗ್ರಾಂ. ತಿಂಗಳಿಗೆ 600 ಗ್ರಾಂ ಒಳಗೇ ಮುಗಿಯುತ್ತದೆ. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟದಿರಲಿ. ಫಿಲ್ಟರ್ ಸ್ಪಾಂಜನ್ನು ನಳದ ಕೆಳಗೆ ಹಿಡಿಯದೆ ತೆಗೆದ ಹಳೆ ನೀರಿನಲ್ಲೇ ಹಿಂಡಿ ತೊಳೀರಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಅಂಗಡಿಯವರಿಗೆ ಎರಡು ಮಾತು

ಮೋನೋ, ಸ್ಕ್ಯಾಟ್, ಪಫರ್ ಇರುವ ಟ್ಯಾಂಕಿನ ಮೇಲೆ "ಚೌಳು ನೀರು" ಅಂತ ಒಂದು ಚೀಟಿ, ಎಷ್ಟು ದೊಡ್ಡದಾಗುತ್ತದೆ ಅನ್ನುವ ಒಂದು ಸಾಲು. ಇಷ್ಟೇ ಸಾಕು. ಮೀನು ಸತ್ತ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಮೀನು ಬದುಕಿದವನು ತಿಂಗಳಿಗೊಮ್ಮೆ ಉಪ್ಪಿಗೆ, ಮೇವಿಗೆ, ಟೆಸ್ಟ್ ಕಿಟ್‌ಗೆ ಬರುತ್ತಾನೆ. ಮೀನು ಯಾವ ನೀರಿನಲ್ಲಿ ಬಂತು ಅಂತ ಸಗಟು ವ್ಯಾಪಾರಿಯನ್ನು ಕೇಳಿ ಬರೆದಿಟ್ಟುಕೊಂಡರೆ ಗಿರಾಕಿಗೆ ಉತ್ತರ ಕೊಡುವುದೂ ಸುಲಭ.

ಕ್ರೋಮೈಡ್‌ನಲ್ಲಿ ಮೂರನೆಯದೊಂದು ಇದೆ, ಕೆನರಾ ಕ್ರೋಮೈಡ್. ದಕ್ಷಿಣ ಕನ್ನಡದ ಹೊಳೆಗಳ ಸಿಹಿ ನೀರಿನ ಮೀನು, ಅಳಿವಿನ ಅಂಚಿನಲ್ಲಿದೆ. ಹೊಳೆಯಿಂದ ಹಿಡಿದು ತಂದದ್ದನ್ನು ಮಾರುವುದೂ ಬೇಡ, ಕೊಳ್ಳುವುದೂ ಬೇಡ.

ಹೊರಗೆ ಚೆಲ್ಲುವ ಮುನ್ನ

ಖಾನಾಪುರದ ಎಷ್ಟೋ ಮನೆಗಳಲ್ಲಿ ಬಚ್ಚಲ ನೀರು ಬಾಳೆ, ಅಡಿಕೆ ಬುಡಕ್ಕೆ ಹೋಗುತ್ತದೆ. ಟ್ಯಾಂಕಿನಿಂದ ತೆಗೆದ ನೀರು ಅಲ್ಲಿಗೆ ಹೋಗಬಾರದು. ಪ್ರತಿ ಸಲ ಕಾಲು ಕಿಲೋ ಮೀರಿದ ಉಪ್ಪು ಒಂದೇ ಬುಡಕ್ಕೆ ಬಿದ್ದರೆ ಗಿಡ ಒಣಗುತ್ತದೆ, ಮಣ್ಣು ಕೆಡುತ್ತದೆ. ಬಾವಿ ಹತ್ತಿರವೂ ಬೇಡ. ಶೌಚಾಲಯದ ಗುಂಡಿಗೆ ಅಥವಾ ಒಳಚರಂಡಿಗೆ ಬಿಡ್ರಿ.

ಮೀನು ದೊಡ್ಡದಾಯಿತು, ಸಾಕಾಗುವುದಿಲ್ಲ ಅಂದರೆ ಅಂಗಡಿಗೆ ವಾಪಸ್ ಕೊಡ್ರಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡ್ರಿ. ಮಲಪ್ರಭೆಗೆ, ಮಹದಾಯಿಯ ಹಳ್ಳಗಳಿಗೆ, ಊರ ಕೆರೆಗೆ ಬಿಡುವುದು ಪುಣ್ಯದ ಕೆಲಸ ಅಲ್ಲ. ಅಕ್ವೇರಿಯಂನಿಂದ ಹೊರಬಿದ್ದ ಸಕರ್ ಮೀನು ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಈಗ ಬಲೆ ಹರಿಯುತ್ತಿದೆ, ಮೀನುಗಾರರ ಹೊಟ್ಟೆಮೇಲೆ ಹೊಡೆಯುತ್ತಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯಲ್ಲೂ, 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಹಳ್ಳಗಳಲ್ಲೂ ಇರುವ ಮೀನುಗಳು ಆ ನೀರಿಗೇ ಹೊಂದಿಕೊಂಡವು. ಅಲ್ಲಿಗೆ ಹೊರಗಿನ ಮೀನು ಬಿಡುವುದೂ, ಧಾಮದೊಳಗೆ ಮೀನು ಹಿಡಿಯುವುದೂ ಎರಡೂ ತಪ್ಪು.

ಈ ವಾರವೇ ಶುರು ಮಾಡುವವರು ಮೊದಲು ಟ್ಯಾಂಕ್ ಇಡುವ ಜಾಗ ಅಳೆದು, ಮೇಲಿನ ಎರಡು ಪಟ್ಟಿಗಳಲ್ಲಿ ಒಂದನ್ನು ಆರಿಸಿಕೊಳ್ರಿ. ಉಪ್ಪು, ಅಳೆಯುವ ಸಾಧನ, ಟೆಸ್ಟ್ ಕಿಟ್ ಮೂರೂ ಮನೆಗೆ ಬಂದ ಮೇಲೆ ನೀರು ತುಂಬ್ರಿ. ಮೀನು ತರುವುದು ಅಲ್ಲಿಂದ ಆರು ವಾರಕ್ಕೆ.